ಮೊದಲ ಪೈಪಿಗೆ ಯಾವ ಮರ? ಅಟ್ಟದ ಮೇಲಿನ ನಾಲ್ಕು ತುಂಡುಗಳ ವಿಚಾರ

ಶಿರಸಿ ಸಮೀಪದ ಓದುಗರೊಬ್ಬರ ಪ್ರಶ್ನೆ: ಬಿಡುವಿನಲ್ಲಿ ಮರಗೆತ್ತನೆ ಮಾಡುತ್ತೇನೆ. ತಂಬಾಕಿನ ಪೈಪೊಂದನ್ನು ಕೈಯಾರೆ ಮಾಡಬೇಕೆಂದಿದೆ. ಅಟ್ಟದ ಮೇಲೆ ಹಳೆ ಮನೆಯ ಬೀಟೆ ತೊಲೆಯ ತುಂಡು, ಹಲಸಿನ ಹಲಗೆ, ಮಾವಿನ ತುಂಡು ಮತ್ತು ಕತ್ತಿ ಹಿಡಿಗೆಂದು ಇಟ್ಟ ಕಾಸರಕದ ಕೊರಡು ಇವೆ. ಹಣ್ಣಿನ ಮರವಾದರೆ ಏನೂ ಆಗುವುದಿಲ್ಲ ಎನ್ನುತ್ತಾರೆ. ಯಾವುದನ್ನು ಬಳಸಲಿ?

ಉತ್ತರ: ನಾಲ್ಕೂ ಬೇಡ. ಕಾಸರಕವನ್ನಂತೂ ಪೈಪಿನ ಯೋಚನೆಯಿಂದ ಈಗಲೇ ಕೈಬಿಡಿ. ಅದರ ಬೀಜದಲ್ಲಿರುವ ಸ್ಟ್ರಿಕ್ನಿನ್ ಮತ್ತು ಬ್ರೂಸಿನ್ ವಿಷ ಎಲ್ಲರಿಗೂ ಗೊತ್ತು. ಆದರೆ ಆ ವಿಷ ಬೀಜದಲ್ಲಿ ಮಾತ್ರ ಇಲ್ಲ, ತೊಗಟೆ ಮತ್ತು ಕಟ್ಟಿಗೆಯಲ್ಲೂ ಇದೆ. ಗೆದ್ದಲು ಮುಟ್ಟದ ಕಹಿ ಮರ ಎಂದು ಹಿಡಿ ಮಾಡಲು ಬಳಸುತ್ತೇವಲ್ಲ, ಆ ಕಹಿಯೇ ಇದು. ಅಂಗೈಯಲ್ಲಿ ಹಿಡಿಯುವ ವಸ್ತುವಿಗೆ ಅದು ನಡೆಯುತ್ತದೆ. ಒಳಗೆ ಕೆಂಡ ಇಟ್ಟು ಬಾಯಿಂದ ಎಳೆಯುವ ವಸ್ತುವಿಗೆ ನಡೆಯುವುದಿಲ್ಲ.

ಮುಂದೆ ಹೋಗುವ ಮೊದಲು ಒಂದು ಮಾತು. ಸುರಕ್ಷಿತ ಮರ ಎಂದರೆ ಮರದಿಂದ ಹೊಸ ವಿಷ ಸೇರದಂತೆ ನೋಡಿಕೊಳ್ಳುವುದು, ಅಷ್ಟೇ. ತಂಬಾಕಿನ ಹೊಗೆ ಯಾವ ಪೈಪಿನಿಂದ ಬಂದರೂ ಬಾಯಿ, ಗಂಟಲು, ಅನ್ನನಾಳ ಮತ್ತು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ. ಹೊಗೆಯನ್ನು ಒಳಗೆ ಎಳೆದುಕೊಳ್ಳದೆ ಬಾಯಲ್ಲೇ ಇಟ್ಟು ಬಿಟ್ಟರೂ ಈ ಅಪಾಯ ಹೋಗುವುದಿಲ್ಲ. ಕೆತ್ತನೆಯ ಖುಷಿಗಾಗಿ ಮಾಡಿ ಕಪಾಟಿನಲ್ಲಿ ಇಡುವುದಾದರೆ ನಿಮ್ಮ ಬೀಟೆಯೂ ಆದೀತು. ಕೆಳಗಿನದೆಲ್ಲ ಬೆಂಕಿ ಕಾಣುವ ಪೈಪಿಗೆ ಸಂಬಂಧಿಸಿದ್ದು.

ಪೈಪಿನ ಬಟ್ಟಲಿನೊಳಗೆ, ಅಂದರೆ ತಂಬಾಕು ತುಂಬುವ ಗುಳಿಯೊಳಗೆ, ಮರಕ್ಕೆ ಏನಾಗುತ್ತದೆ ಎಂದು ನೋಡಿದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಒಳಗೆ ಕೆಂಡದ ಶಾಖ ಕೆಲವು ನೂರು ಡಿಗ್ರಿ. ಮರ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್‌ಗೆ ಕರಿಯಾಗಲು ಶುರುವಾಗುತ್ತದೆ. ಹಾಗಾಗಿ ಮೊದಲ ಕೆಲವು ಸಲ ಬಟ್ಟಲಿನ ಒಳಗೋಡೆ ಸ್ವಲ್ಪ ಸುಡದೆ ಇರುವುದಿಲ್ಲ. ಜೊತೆಗೆ ತಂಬಾಕಿನ ತೇವ ಮತ್ತು ಉಗುಳಿನ ಹಬೆ ಮರದೊಳಗೆ ಇಳಿದು, ಅಲ್ಲಿರುವ ಎಣ್ಣೆ, ಅಂಟು, ಬಣ್ಣಗಳನ್ನು ಕದಡಿ ಹೊಗೆಗೆ ಸೇರಿಸುತ್ತವೆ. ಸೌಟು, ಮರಿಗೆ, ಕಡಗೋಲುಗಳಿಗೆ ಒಪ್ಪುವ ಮರ ಇಲ್ಲಿ ಒಪ್ಪದಿರುವುದು ಇದಕ್ಕೇ. ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವವರು ನಮ್ಮಲ್ಲಿ ಬಹಳ. ನೀರು ಬಣ್ಣ ತಿರುಗುವುದನ್ನು ನೀವೂ ನೋಡಿರುತ್ತೀರಿ. ಬರೀ ತಣ್ಣೀರಿಗೇ ಮರ ಅಷ್ಟು ಬಿಟ್ಟುಕೊಡುವುದಾದರೆ ಕೆಂಡಕ್ಕೆ ಎಷ್ಟು ಬಿಟ್ಟೀತು? ನೀರಲ್ಲಿ ಕುಡಿದದ್ದು ಔಷಧ ಎನಿಸಿಕೊಂಡ ಮಾತ್ರಕ್ಕೆ ಅದರ ಹೊಗೆಯೂ ಔಷಧವಾಗುವುದಿಲ್ಲ.

ಹಣ್ಣಿನ ಮರದ ಮಾತಿಗೆ ಬರೋಣ. ಹಣ್ಣು ತಿನ್ನಬಹುದು ಎಂದ ಕೂಡಲೆ ಕಟ್ಟಿಗೆ ಸೇದಬಹುದು ಎಂದಲ್ಲ. ಮಾವು, ಗೇರು, ಹೊಲಗೇರು ಒಂದೇ ಕುಟುಂಬದವು. ಹೊಲಗೇರಿನ ಸೊನೆ ತಾಗಿ ಮೈ ಬಾತು ಬೊಕ್ಕೆ ಬರುವುದು ಕಾಡಿನಲ್ಲಿ ಓಡಾಡುವವರಿಗೆಲ್ಲ ಗೊತ್ತು. ಮಾವಿನ ತೊಟ್ಟಿನ ಸೊನೆ ತುಟಿ ಸುಡುವುದೂ ಅದೇ ಜಾತಿಯ ರಾಸಾಯನಿಕಗಳಿಂದ. ಮಾವಿನ ಕಟ್ಟಿಗೆಯಲ್ಲಿ ಅದು ಕಡಿಮೆ ಇರಬಹುದು. ಆದರೆ ಒಗ್ಗದವರ ಗಂಟಲಿಗೆ ಅಷ್ಟೇ ಸಾಕು. ಮೇಲಾಗಿ ಮಾವು ಮೆದು, ರಂಧ್ರ ದೊಡ್ಡದು, ಬಟ್ಟಲಾಗಿ ಬಹಳ ದಿನ ಬಾಳುವುದಿಲ್ಲ. ಹಲಸಿನಲ್ಲಿ ಅಷ್ಟು ವಿಷದ ಭಯವಿಲ್ಲ. ಅದರ ತೊಂದರೆ ಮೇಣ, ಹಳದಿ ಬಣ್ಣದ ಸತ್ವ ಮತ್ತು ಒರಟು ಎಳೆ. ಬಿಸಿಯಾದಾಗ ಎಳೆಗುಂಟ ಬಿರಿಯುತ್ತದೆ.

ಬೀಟೆ ನೋಡಲು ಎಷ್ಟು ಚಂದವೋ ಅಷ್ಟೇ ಕಿರಿಕಿರಿಯ ಮರ. ಅದರ ಕೆಚ್ಚಿನಲ್ಲಿರುವ (ಕಾಂಡದ ಒಳಗಿನ ಗಟ್ಟಿ, ಗಾಢ ಬಣ್ಣದ ಭಾಗ) ಡಾಲ್ಬರ್ಜಿಯೋನ್ ಎಂಬ ಪದಾರ್ಥಗಳು ಚರ್ಮಕ್ಕೆ, ಮೂಗಿಗೆ ಅಲರ್ಜಿ ತರಿಸುತ್ತವೆ. ಒಮ್ಮೆ ಮೈಗೆ ಆಗದಂತಾದರೆ ಆಮೇಲೆ ಚೂರು ಪುಡಿ ತಾಗಿದರೂ ತುರಿಕೆ ಏಳುತ್ತದೆ. ಸಾಗವಾನಿ, ಕರಿಮರಗಳದ್ದೂ ಇದೇ ಸ್ವಭಾವ. ಕಾಳುಮೆಣಸಿನ ಬಳ್ಳಿ ಹಬ್ಬಿಸಲು ತೋಟದಲ್ಲಿ ನೆಡುವ ಸಿಲ್ವರ್ ಓಕ್ ಹೆಸರಿನಲ್ಲಿ ಮಾತ್ರ ಓಕ್. ಅದರ ಕಟ್ಟಿಗೆಯಲ್ಲಿ ಗೇರಿನ ಸೊನೆಯ ಸಂಬಂಧಿಯಾದ ರಾಸಾಯನಿಕ ಇದೆ. ಕಣಗಿಲೆ, ಹಳದಿ ಕಣಗಿಲೆಗಳ ಕಡ್ಡಿಯನ್ನು ಬಾಯಿಕೊಳವೆಗೂ ತರಬೇಡಿ, ಹೃದಯವನ್ನೇ ನಿಲ್ಲಿಸುವ ವಿಷ ಅದರ ಎಲ್ಲ ಭಾಗದಲ್ಲೂ ಇದೆ. ಕಾಳಿ, ಅಘನಾಶಿನಿ ನದಿಗಳ ಅಳಿವೆಯ ಕಾಂಡ್ಲ (ಮ್ಯಾಂಗ್ರೋವ್) ಕಾಡಿನಲ್ಲಿ ಬಿಳಿ ಹಾಲು ಸುರಿಸುವ ಮರವೊಂದಿದೆ. ಹಾಲು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಕಾಂಡ್ಲದ ಕೊರಡಿನ ಗುರುತು ಸರಿಯಾಗಿ ಹಿಡಿಯಲು ಬಾರದಿದ್ದರೆ ಯಾವುದನ್ನೂ ತರಬೇಡಿ. ಶ್ರೀಗಂಧ ಎಣ್ಣೆಯ ಮರ, ಸುಟ್ಟರೆ ಘಾಟು. ಕೆತ್ತನೆಗೆ ಹೇಳಿ ಮಾಡಿಸಿದ ಶಿವಣೆ ಹಗುರ, ಮೆದು, ಕೆಂಡ ತಡೆಯುವುದಿಲ್ಲ.

ಮರದ ಜಾತಿಯಷ್ಟೇ ಮುಖ್ಯ ಅದರ ಹಿಂದಿನ ಕತೆ. ನಿಮ್ಮ ಬೀಟೆ ಹಳೆ ಮನೆಯ ತೊಲೆ ಎಂದಿರಿ. ಹಳೆ ತೊಲೆಗೆ ಗೆದ್ದಲು ಬಾರದಂತೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ), ಡಾಂಬರು ಬಳಿಯುತ್ತಿದ್ದರು, ಗ್ಯಾಮಕ್ಸಿನ್ ಎಂಬ ಕೀಟನಾಶಕ ಪುಡಿ ಹಾಕುತ್ತಿದ್ದರು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಮೇಲಿನ ಪದರ ಹೆರೆದರೆ ಹೋಯಿತು ಎನ್ನುವಂತಿಲ್ಲ, ಬಿರುಕಿನ ದಾರಿಯಲ್ಲಿ ಎಣ್ಣೆ ಆಳಕ್ಕೆ ಇಳಿದಿರುತ್ತದೆ. ಕಾರವಾರದ ಬೈತಖೋಲ್, ತದಡಿ ಕಡೆಯ ಹಳೆ ದೋಣಿ ಹಲಗೆಯೂ ಹೀಗೆಯೇ: ಗೇರೆಣ್ಣೆ, ಮೀನೆಣ್ಣೆ, ತಳಕ್ಕೆ ಬಳಿದ ತಾಮ್ರದ ಬಣ್ಣ. ದಡಕ್ಕೆ ತೇಲಿ ಬಂದ ಕೊರಡು ನಯವಾಗಿ, ಬೆಳ್ಳಗೆ, ಕೈ ಹಾಕುವಂತೆಯೇ ಇರುತ್ತದೆ. ಆದರೆ ಉಪ್ಪು ಕುಡಿದ ಕಟ್ಟಿಗೆ ಸುಟ್ಟಾಗ ಡಯಾಕ್ಸಿನ್‌ನಂಥ ಕ್ಲೋರಿನ್ ವಿಷಗಳು ಹುಟ್ಟುತ್ತವೆ. ಬೇಲಿ ಗೂಟಗಳನ್ನು ಮೈಲುತುತ್ತದಲ್ಲಿ ಅದ್ದಿಟ್ಟಿರುತ್ತಾರೆ. ಪೇಟೆಯಲ್ಲಿ ಸಿಗುವ ತುಸು ಹಸಿರು ಛಾಯೆಯ ಸಂಸ್ಕರಿತ ಮರದಲ್ಲಿ ಆರ್ಸೆನಿಕ್ ಇರಬಹುದು. ಬಂದರಿನಿಂದ ಬರುವ ಪೆಟ್ಟಿಗೆ ಮರದ ಮೇಲೆ ‘ಎಂಬಿ’ ಎಂಬ ಮುದ್ರೆ ಇದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು ಎಂದು ಅರ್ಥ. ‘ಎಚ್‌ಟಿ’ ಎಂದರೆ ಬರೀ ಬಿಸಿ ಮಾಡಿದ್ದು, ಆದರೂ ಅದರ ಮೇಲೆ ಏನೇನು ಚೆಲ್ಲಿದೆಯೋ ಹೇಳಲಾಗದು. ಪ್ಲೈವುಡ್ಡಿನ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಒಟ್ಟಿನಲ್ಲಿ ಯಾವ ಮರ, ಎಲ್ಲಿ ಬೆಳೆದದ್ದು, ಮೇಲೆ ಏನು ಬಿದ್ದಿದೆ ಎಂಬ ಮೂರೂ ಗೊತ್ತಿಲ್ಲದ ತುಂಡನ್ನು ಬಿಟ್ಟುಬಿಡಿ. ಗುರುತು ಹಿಡಿಯಲೆಂದು ಚೂರನ್ನು ನಾಲಿಗೆಗೆ ಇಡುವುದು, ಸುಟ್ಟು ಮೂಸುವುದು ಖಂಡಿತ ಬೇಡ.

ಹಾಗಾದರೆ ಯಾವುದು? ಮೊದಲ ಪೈಪಿಗೆ ಬ್ರಾಯರ್ ತುಂಡನ್ನು ಕೊಂಡುಕೊಳ್ಳಿ ಎಂಬುದೇ ನಮ್ಮ ಸಲಹೆ. ಬ್ರಾಯರ್ ಎಂದರೆ ಮೆಡಿಟರೇನಿಯನ್ ಸುತ್ತಲಿನ ಒಣಗುಡ್ಡಗಳಲ್ಲಿ ಬೆಳೆಯುವ ಎರಿಕಾ ಆರ್ಬೋರಿಯಾ ಎಂಬ ಪೊದೆಮರದ ಬುಡದ ಗಂಟು. ಕಾಂಡಕ್ಕೂ ಬೇರಿಗೂ ನಡುವೆ ನೆಲದಲ್ಲಿ ಗೆಡ್ಡೆಯಂತೆ ಊದಿಕೊಂಡಿರುತ್ತದೆ. ಎಳೆಗಳು ಒಂದೇ ದಿಕ್ಕಿಗೆ ಓಡದೆ ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಸುಲಭವಾಗಿ ಸೀಳುವುದಿಲ್ಲ, ಬೆಂಕಿಗೂ ಬೇಗ ಬಗ್ಗುವುದಿಲ್ಲ. ಗಂಟನ್ನು ಕೊಯ್ದು, ಗಂಟೆಗಟ್ಟಲೆ ನೀರಿನಲ್ಲಿ ಕುದಿಸಿ ಸತ್ವ ತೆಗೆದು, ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸಿಯೇ ಮಾರುತ್ತಾರೆ. 19ನೇ ಶತಮಾನದ ನಡುವಿನಿಂದ, ಫ್ರಾನ್ಸಿನ ಸೇಂಟ್ ಕ್ಲೋಡ್ ಪಟ್ಟಣದಲ್ಲಿ ಈ ಉದ್ಯಮ ಬೆಳೆದಂದಿನಿಂದ, ಪೈಪಿನ ಮರ ಎಂದರೆ ಇದೇ ಎಂಬಂತಾಗಿದೆ. ಅಂಚೆಯಲ್ಲಿ ತರಿಸಬಹುದು. ಬಾಯಿಕೊಳವೆ ಕೂರಿಸಿ, ಬಟ್ಟಲು ಮತ್ತು ಹೊಗೆದಾರಿ ಕೊರೆದು, ಹೊರಮೈ ಮಾತ್ರ ನಮಗೆ ಬಿಟ್ಟ ತುಂಡುಗಳೂ ಸಿಗುತ್ತವೆ. ಕೊರೆತವೇ ಅತಿ ಕಷ್ಟದ ಭಾಗವಾದ್ದರಿಂದ ಮೊದಲ ಸಲಕ್ಕೆ ಅಂಥದ್ದೇ ಒಳ್ಳೆಯದು.

ನಮ್ಮ ನೆಲದ ಮರವೇ ಆಗಬೇಕೆಂದರೆ ಎರಡನ್ನು ಹೇಳಬಹುದು: ಪೇರಲೆ ಮತ್ತು ಹುಣಸೆ. ಎರಡೂ ಗಟ್ಟಿ, ಎಳೆ ಒತ್ತು, ಮೇಣವಾಗಲಿ ಸುಡುವ ಸೊನೆಯಾಗಲಿ ಇಲ್ಲ, ಘಾಟು ಎಣ್ಣೆ ಇಲ್ಲ. ಬ್ರಾಯರಿನಷ್ಟು ಇವನ್ನು ಯಾರೂ ಪಳಗಿಸಿಲ್ಲ, ಹಾಗಾಗಿ ಒಳಗೆ ಲೇಪ ಮಾಡದೆ ಬಳಸಬೇಡಿ. ಪೇರಲೆಯ ತೊಡಕು ಗಾತ್ರ. ನಡುವಿನ ತಿರುಳು ಬಟ್ಟಲಿನಲ್ಲಿ ಬಂದರೆ ಒಣಗುವಾಗ ನಕ್ಷತ್ರದಂತೆ ಸೀಳುತ್ತದೆ. ತಿರುಳು ಬಿಟ್ಟು ಒಂದು ಪಕ್ಕದಿಂದ ತುಂಡು ತೆಗೆಯಲು ಕನಿಷ್ಠ 15ರಿಂದ 16 ಸೆಂಟಿಮೀಟರ್ ದಪ್ಪದ ಕಾಂಡ ಬೇಕು. ಅಡಿಕೆ ತೋಟದ ನಡುವಿನ ಪೇರಲೆಯಾದರೆ ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ತೊಗಟೆಯ ಮೇಲೆ ಇಳಿದಿರುತ್ತದೆ. ಕಡಿದ ದಿನವೇ ತೊಗಟೆ ಸುಲಿದು, ಕೆಳಗಿನ ಅರ್ಧ ಸೆಂಟಿಮೀಟರ್ ಮರವನ್ನೂ ತೆಗೆದುಬಿಡಿ. ಹುಣಸೆಯಲ್ಲಿ ನೇರಳೆಗಪ್ಪು ಕೆಚ್ಚನ್ನೇ ಆರಿಸಿಕೊಳ್ಳಿ. ಹೊರಗಿನ ಹಳದಿಬಿಳಿ ಭಾಗಕ್ಕೆ ಕುಟ್ಟೆಹುಳ ಬೇಗ ಬೀಳುತ್ತದೆ. ಮುಂಡಗೋಡ ಕಡೆಯ ಸಾಮಿಲ್ಲಿನಲ್ಲಿ ಕೇಳಿ ನೋಡಿ. ಯಾವ ಮರವಾದರೂ ಸ್ವಂತ ಹಿತ್ತಲಿನದ್ದೋ ಬಿಲ್ಲು ಕೊಟ್ಟು ಕೊಂಡದ್ದೋ ಆಗಿರಲಿ. ಅಡಿಕೆ ತೋಟಗಳಿಗೆಂದು ಬಿಟ್ಟ ಸೊಪ್ಪಿನ ಬೆಟ್ಟದ ಅರಣ್ಯದಲ್ಲಿ ಸೊಪ್ಪು ಕೊಯ್ಯುವ ಸವಲತ್ತಿದೆ ಎಂದು ಮರ ಕಡಿಯಲು ಬರುವುದಿಲ್ಲ.

ಒಣಗಿಸುವುದರಲ್ಲೇ ಹೆಚ್ಚಿನವರು ಸೋಲುವುದು. 65 ಮಿಲಿಮೀಟರ್ ಉದ್ದ, 50 ಎತ್ತರ, 40 ದಪ್ಪದ ಪೈಪಿಗೆ ಸುತ್ತ 10 ಮಿಲಿಮೀಟರ್ ಹೆಚ್ಚಿಟ್ಟು ಹಸಿ ಮರ ಕೊಯ್ಯಿರಿ. ದೊಡ್ಡ ಪಾತ್ರೆಯಲ್ಲಿ ಮುಳುಗಿಸಿ ಸಣ್ಣ ಉರಿಯಲ್ಲಿ ಐದಾರು ಗಂಟೆ ಕುದಿಸಿ, ಗಂಟೆಗೊಮ್ಮೆ ನೀರು ಬದಲಿಸಿ. ಮೊದಲ ನೀರು ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗುತ್ತದೆ, ಕೊನೆಯದು ತೆಳು ಚಹಾದ ಬಣ್ಣಕ್ಕೆ ಬರಬೇಕು. ಪಾತ್ರೆಯಲ್ಲೇ ತಣಿಯಲು ಬಿಡಿ, ಬಿಸಿಯಲ್ಲೇ ಹೊರಗೆ ತೆಗೆದರೆ ಕಣ್ಣೆದುರೇ ಬಿರುಕು ಬಿಡುತ್ತದೆ. ಆಮೇಲೆ ಎಳೆಯ ತುದಿ ಕಾಣುವ ಎರಡು ಮುಖಗಳಿಗೆ ಕರಗಿದ ಮೇಣ ಹಚ್ಚಿ. ನೀರು ಆ ತುದಿಗಳಿಂದಲೇ ಓಡಿಹೋಗುವುದು, ಅದನ್ನು ತಡೆದರೆ ತುಂಡು ಎಲ್ಲ ಕಡೆಯಿಂದ ಸಮನಾಗಿ ಒಣಗುತ್ತದೆ. ಒಲೆಯ ಮೇಲಿನ ಹೊಗೆ ಅಟ್ಟ ಬೇಡ, ಅಲ್ಲಿ ಹೊರಗೆ ಒಣಗಿ ಒಳಗೆ ಹಸಿ ಉಳಿದು ಸೀಳುತ್ತದೆ. ಗಾಳಿಯಾಡುವ ನೆರಳಿನಲ್ಲಿ, ಕೆಳಗೆ ಕಡ್ಡಿಯಿಟ್ಟು ಇಡಿ. ವಾರಕ್ಕೊಮ್ಮೆ ಅಡುಗೆಮನೆಯ ಗ್ರಾಂ ತಕ್ಕಡಿಯಲ್ಲಿ ತೂಗಿ ತೂಕವನ್ನು ತುಂಡಿನ ಮೇಲೆಯೇ ಪೆನ್ಸಿಲ್ಲಿನಲ್ಲಿ ಬರೆಯಿರಿ. ನಾಲ್ಕು ವಾರ ತೂಕ ಇಳಿಯದಿದ್ದರೆ ಒಣಗಿದಂತೆ. ಆದರೆ ಈ ಲೆಕ್ಕ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಡೆಯುವುದಿಲ್ಲ. ನಮ್ಮ ಮಳೆಗಾಲದಲ್ಲಿ ಒಣಗಿದ ಮರವೂ ಗಾಳಿಯಿಂದ ತೇವ ಹೀರಿ ತೂಕ ಏರುತ್ತದೆ. ದೀಪಾವಳಿಯ ಹೊತ್ತಿಗೆ ಕೊಯ್ದ ತುಂಡಿಗೆ ಎರಡು ಬೇಸಿಗೆಯಾದರೂ ಕೊಡಿ, ಕೊರೆಯುವುದನ್ನು ಮಾರ್ಚ್, ಏಪ್ರಿಲ್‌ನಲ್ಲಿ ಇಟ್ಟುಕೊಳ್ಳಿ. ತೇವಮಾಪಕ ಸಿಕ್ಕರೆ ಶೇಕಡ 12ರ ಆಸುಪಾಸು ಇರಬೇಕು.

ಕೊರೆಯುವ ಅಳತೆಗಳು ಹೀಗಿರಲಿ. ಎಳೆ ಕೊಳವೆಯ (ಬಟ್ಟಲಿನಿಂದ ಬಾಯಿಕೊಳವೆಯವರೆಗೆ ಚಾಚುವ ಮರದ ಭಾಗ) ಉದ್ದಕ್ಕೆ ಓಡುವಂತೆ ತುಂಡನ್ನು ಹಿಡಿಯಿರಿ, ಅಡ್ಡವಾದರೆ ಕೊಳವೆ ಕುತ್ತಿಗೆಯಲ್ಲೇ ಮುರಿಯುತ್ತದೆ. ಮೊದಲು ಬಾಯಿಕೊಳವೆ ಕೂರುವ ಗುಣಿ: 8 ಮಿಲಿಮೀಟರ್ ಅಗಲ, 18 ಆಳ. ಅದರ ನಡುವಿನಿಂದಲೇ 4 ಮಿಲಿಮೀಟರ್ ಹೊಗೆದಾರಿ. ಕೊನೆಗೆ ಮೇಲಿನಿಂದ ಬಟ್ಟಲು: 19 ಮಿಲಿಮೀಟರ್ ಅಗಲ, 35 ಆಳ, ತುದಿ ಉರುಟಾದ ಬಿಟ್‌ನಲ್ಲಿ. ಹೊಗೆದಾರಿ ಬಟ್ಟಲಿನ ತಳಕ್ಕೇ ಬಂದು ಸೇರಬೇಕು. ಮೇಲೆ ಸೇರಿದರೆ ತಳದಲ್ಲಿ ತಂಬಾಕು ಹಸಿಯಾಗಿ ಉಳಿದು ಹುಳಿ ನಾತ ಹಿಡಿಯುತ್ತದೆ. ತಳಕ್ಕಿಂತ ಕೆಳಗೆ ಹೋದರೆ ಅಲ್ಲಿ ಗುಂಡಿಯಾಗಿ ಕೆಂಡ ಕೂತು ಮರ ತಿನ್ನುತ್ತದೆ. ಸ್ಥಳೀಯ ಮರಕ್ಕೆ ಗೋಡೆ 9ರಿಂದ 10, ತಳ 10 ಮಿಲಿಮೀಟರ್‌ಗಿಂತ ತೆಳುವಾಗದಿರಲಿ. ಬ್ರಾಯರ್ ಇನ್ನೂ ತುಸು ತೆಳುವಿಗೂ ತಡೆಯುತ್ತದೆ. ಡ್ರಿಲ್ ನಿಧಾನಕ್ಕೆ ತಿರುಗಲಿ, ಐದು ಮಿಲಿಮೀಟರ್‌ಗೊಮ್ಮೆ ಹೊರಗೆಳೆದು ಪುಡಿ ತೆಗೆಯಿರಿ. ಸುಟ್ಟ ವಾಸನೆ ಬಂದರೆ ಬಿಟ್ ಮೊಂಡಾಗಿದೆ ಎಂದರ್ಥ.

ಸೇದುವವರಿಗಿಂತ ಮಾಡುವವರಿಗೇ ಮರದ ಅಪಾಯ ಹೆಚ್ಚು. ಮರದ ಪುಡಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೇ ಸೇರಿಸಿದೆ, ಮುಖ್ಯವಾಗಿ ಮೂಗಿನ ಒಳಭಾಗದ ಕ್ಯಾನ್ಸರ್. 150ರಿಂದ ಶುರುಮಾಡಿ 240, 320, 400, 600 ನಂಬರಿನ ಪಾಲಿಶ್ ಕಾಗದದವರೆಗೆ ಉಜ್ಜುವಾಗ ಏಳುವ ಪುಡಿ ಕಣ್ಣಿಗೂ ಕಾಣದಷ್ಟು ಸಣ್ಣದು. ಅದೇ ಆಳಕ್ಕೆ ಹೋಗುವುದು. ಮುಖಕ್ಕೆ ಸುತ್ತಿದ ಪಂಚೆ ಸಾಲದು, ಎನ್95 ಮುಸುಕು ಹಾಕಿ. ಜಗಲಿಯಲ್ಲಿ ಕೂತು, ಗಾಳಿ ಬೆನ್ನಿಗಿರುವಂತೆ ಕೆಲಸ ಮಾಡಿ. ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಒಳಲೇಪಕ್ಕೆ ಬೇಕಾದದ್ದು ಎರಡೇ: ಔಷಧಿ ಅಂಗಡಿಯಲ್ಲಿ ಸಿಗುವ ಆಕ್ಟಿವೇಟೆಡ್ ಚಾರ್ಕೋಲ್ ಪುಡಿ ಒಂದು ಚಮಚ, ಕಡೆದ ದಪ್ಪ ಮಜ್ಜಿಗೆ ಒಂದು ಚಮಚ. ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಮಜ್ಜಿಗೆಯಲ್ಲಿರುವ ಹಾಲಿನ ಪ್ರೋಟೀನು ಒಣಗಿದಾಗ ಅಂಟಿನ ಕೆಲಸ ಮಾಡುತ್ತದೆ. ಹೊಗೆದಾರಿಗೆ ಪೈಪ್ ಕ್ಲೀನರ್ ತೂರಿಸಿ, ಬೆರಳಿನಿಂದ ಒಳಗೋಡೆಗೆ ತೆಳುವಾಗಿ ಸವರಿ, ಬೇಸಿಗೆಯಲ್ಲಿ ಎರಡು ದಿನ, ಮಳೆಗಾಲದಲ್ಲಿ ನಾಲ್ಕು ದಿನ ಬಿಡಿ. ಬೂಸಲು ಕಂಡರೆ ಪೂರ್ತಿ ಕೆರೆದು ಮತ್ತೆ ಹಚ್ಚಬೇಕು. ಅಂಗಡಿಯ ಇದ್ದಿಲ ಉಂಡೆ ಪುಡಿ ಬಳಸಬೇಡಿ, ಅದರಲ್ಲಿ ಬೇರೆ ಅಂಟು ಸೇರಿರುತ್ತದೆ.

ಒಳಗೋಡೆಗೆ ವಾರ್ನಿಷ್, ಪಾಲಿಶ್, ಎಣ್ಣೆ ಯಾವುದೂ ತಾಗಕೂಡದು. ಹೊರಮೈಗೆ ಕಾರ್ನೂಬಾ ಮೇಣ ಒಳ್ಳೆಯದು, 80 ಡಿಗ್ರಿ ದಾಟಿದ ಮೇಲೆಯೇ ಕರಗುವುದು. ಜೇನುಮೇಣ ನಮ್ಮಲ್ಲಿ ಸುಲಭಕ್ಕೆ ಸಿಗುತ್ತದೆ, ಆದರೆ 62ರಿಂದ 64 ಡಿಗ್ರಿಗೇ ಕರಗುವುದರಿಂದ ಬಿಸಿ ಬಟ್ಟಲು ಕೈಗೆ ಅಂಟುತ್ತದೆ. ಅರಗಿನ ಪಾಲಿಶ್ ಕೂಡ ಬಿಸಿಗೆ ಮೆತ್ತಗಾಗುತ್ತದೆ. ಪಾಲಿಯುರೆಥೇನ್, ಮೆಲಮೈನ್ ಪಾಲಿಶ್ ಬೇಡವೇ ಬೇಡ, ಅವು ಮರದ ಉಸಿರು ಕಟ್ಟಿಸಿ ಗುಳ್ಳೆ ಏಳುತ್ತವೆ. ಕೊಬ್ಬರಿ ಎಣ್ಣೆ ದಿನ ಕಳೆದಂತೆ ಕಮಟುತ್ತದೆ.

ಬಾಯಿಕೊಳವೆಗೆ ಮರ ಬೇಡ, ಉಗುಳು ಕುಡಿದು ಉಬ್ಬಿ ಸೀಳುತ್ತದೆ. ಇಂಕ್ ಪೆನ್ ಮಾಡುವವರು ಬಳಸುವ ಎಬೊನೈಟ್ (ಗಟ್ಟಿ ರಬ್ಬರ್) ಸರಳು ಅಥವಾ ಅಕ್ರಿಲಿಕ್ ಸರಳು ತನ್ನಿ. ಪಿವಿಸಿ ಪೈಪಿನ ತುಂಡು ಬಳಸಲೇಬಾರದು. ಅಟ್ಟದ ಮೇಲೆ ಜಿಂಕೆ, ಕಡವೆಯ ಕೊಂಬು ಇದ್ದರೆ ಅದಕ್ಕೂ ಕೈ ಹಾಕಬೇಡಿ, 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಪೈಪು ಸಿದ್ಧವಾದ ಮೇಲೆ ಬೆಂಕಿ ತೋರಿಸುವುದಾದರೆ ಮೊದಲ ಐದಾರು ಸಲ ಬಟ್ಟಲಿನ ಮೂರನೇ ಒಂದು ಭಾಗ ಮಾತ್ರ ತುಂಬಿಸಿ, ಎರಡು ಸಲದ ನಡುವೆ ಒಂದು ದಿನ ಆರಲು ಬಿಡಿ. ಬಟ್ಟಲನ್ನು ಮುಷ್ಟಿಯಲ್ಲಿ ಹಿಡಿದೇ ಇರಿ. ಹಿಡಿಯಲಾಗದಷ್ಟು ಬಿಸಿಯಾದರೆ ಕೆಳಗಿಟ್ಟು ಆರಿಸಿ. ಒಳಗೋಡೆಗೆ ಕೂಡಿಕೊಳ್ಳುವ ಕರಿಪದರ ಒಂದು ಮಿಲಿಮೀಟರ್ ಆದರೆ ಒಳ್ಳೆಯದು, ಅದೇ ಮರಕ್ಕೆ ಕವಚ. ಎರಡು ಮಿಲಿಮೀಟರ್ ಆದರೆ ಬಿಸಿಗೆ ಹಿಗ್ಗಿ ಬಟ್ಟಲನ್ನೇ ಒಡೆಯುತ್ತದೆ, ಮೊಂಡು ಚಾಕುವಿನಿಂದ ಕೆರೆಯಬೇಕು. ಪ್ರತಿ ಸಲ ಬಟ್ಟಲಿನ ಹೊರಮೈಯನ್ನು, ಅದರಲ್ಲೂ ಹೊಗೆದಾರಿ ಸೇರುವ ತಳದ ಹತ್ತಿರ, ಬೆಳಕಿಗೆ ಹಿಡಿದು ನೋಡಿ. ಒಂದೇ ಜಾಗ ಉಳಿದ ಕಡೆಗಿಂತ ಬಿಸಿಯಾಗುವುದು, ಅಲ್ಲಿ ಮೇಣದ ಹೊಳಪು ಸತ್ತು ರೂಪಾಯಿಯಗಲ ಕಂದು ಕಲೆ ಮೂಡುವುದು ಒಳಗಿನಿಂದ ಮರ ಉರಿದು ಬರುತ್ತಿರುವ ಲಕ್ಷಣ. ಒಳಗೆ ಲೇಪ ಹಾಕಿ ಅದನ್ನು ಮುಚ್ಚಲು ಹೋಗಬೇಡಿ. ಆ ಪೈಪಿಗೆ ಮತ್ತೆ ಬೆಂಕಿ ಕೊಡಬಾರದು. ಬಟ್ಟಲನ್ನು ಉದ್ದಕ್ಕೆ ಸೀಳಿ ಎಲ್ಲಿ ಗೋಡೆ ತೆಳುವಾಗಿತ್ತು, ಎಳೆ ಎಲ್ಲಿ ಸಡಿಲವಿತ್ತು ಎಂದು ನೋಡಿಟ್ಟುಕೊಂಡರೆ ಎರಡನೆಯದನ್ನು ಕೊರೆಯುವಾಗ ಅದೇ ಅಳತೆಪಟ್ಟಿ.